ದಿಲ್ಶಾದ ‘ಖರೇ’ ಅಂದ ಬಿಲ್ಲೆ

ಟಪ್ ಎಂದು ಮೇಜಿನ ಗಾಜಿನ ಮೇಲೆ ಪ್ಲಾಸ್ಟಿಕ್ ಡಬ್ಬಿ ಇಟ್ಟ ಸದ್ದಿಗೆ ದಿಲ್ಶಾದ ಕಣ್ಣು ತೆರೆದಳು. ನಿದ್ದೆ ಮಾಡಿರಲಿಲ್ಲ. ಸವಣೂರಿನಿಂದ ಹಾವೇರಿ, ಹಾವೇರಿಯಿಂದ ಹಿರೇಕೆರೂರು ಎಂದು ಎರಡು ಬಸ್ಸು ಹತ್ತಿ ಇಳಿದ ಬೆನ್ನು ಸಂತೆ ಕಟ್ಟೆಯ ಕಂಬಕ್ಕೆ ಆತುಕೊಂಡಿತ್ತು. ಕಣ್ಣು ತಾನಾಗಿ ಮುಚ್ಚಿತ್ತು.

ಅವಳ ಅಪ್ಪ ಮುನಾಫ ಸವಣೂರ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವನು. ಹಳ್ಳಿಯವರು ಬೆಳ್ಳಿ ರೂಪಾಯಿ ತಂದರೆ ಕಲ್ಲಿನ ಮೇಲೆ ಬಿಟ್ಟು, ಅದರ ದನಿ ಕೇಳಿ, ಬೆಳ್ಳಿಯೋ ಸೀಸವೋ ಹೇಳುತ್ತಿದ್ದ. ಡಬ್ಬಿಯೊಳಗೆ ಕೂತ ಈಗಿನ ನಾಣ್ಯಗಳಿಗೆ ದನಿಯಿಲ್ಲ. ಎಲ್ಲವೂ ಒಂದೇ ಟಪ್. ಬಾಗಿಲು ಹಾಕಿಕೊಂಡು ಒಳಗಿನಿಂದ ಮಾತಾಡುವವರ ಹಾಗೆ.

ಡಬ್ಬಿ ಇಟ್ಟವಳು ಐವತ್ತರ ಆಚೀಚಿನ ಹೆಂಗಸು. ಕೈಬೆರಳ ಸಂದಿಯಲ್ಲಿ ಗದ್ದೆಯ ಕೆಸರು ಒಣಗಿತ್ತು. ಹೊಸ ಹಳದಿ ಸೀರೆಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ತನ್ನ ಹೆಸರು ಹೊಳೆವ್ವ, ಊರು ಮಾಸೂರು ಎಂದಳು. ಆಮೇಲೆ ಡಬ್ಬಿಯನ್ನು ಒಂದು ಬೆರಳಿನಿಂದ ಮುಂದಕ್ಕೆ ದೂಡಿದಳು.

“ಅಕ್ಕಾರ, ಇದನ್ನ ಒಡದು ಕೊಡ್ತೀರೇನ್ರಿ? ನಮ್ಮ ಕೈಲೆ ಆಗವಲ್ದು.”

ಡಬ್ಬಿಯೊಳಗೆ ಎರಡು ಬಗೆಯ ಲೋಹ ಕೂಡಿಸಿದ, ಹತ್ತು ರೂಪಾಯಿಯ ಒಂದು ಬಿಲ್ಲೆ. ನಡುವೆ ಬಿಳಿ, ಸುತ್ತ ಹಳದಿ. ಮೇಲೆ ಚೀಟಿ, ಚೀಟಿಯಲ್ಲಿ ಅರವತ್ತೇಳು ಎಂಬ ಅಂಕಿ. ಸಿಂಹದ ಎದೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಒಂದು ಗೀರು. ದಿಲ್ಶಾದಳಿಗೆ ಮನುಷ್ಯರ ಮುಖ ಮರೆಯುತ್ತದೆ, ನಾಣ್ಯದ ಗಾಯ ಮರೆಯುವುದಿಲ್ಲ. ಹದಿನೈದು ದಿನದ ಹಿಂದೆ ಅಕ್ಕಿಆಲೂರ ಸಂತೆಯಲ್ಲಿ ಇದೇ ಡಬ್ಬಿ ಅವಳ ಕೈಗೆ ಬಂದಿತ್ತು.

ಯಾಕೆ ಒಡೆಯಬೇಕು ಎಂದು ಕೇಳಿದಳು.

“ಉಡ್ಯಾಗ ಹಾಕಬೇಕಲ್ರಿ. ಉಡಿ ರೊಕ್ಕಕ್ಕ ಅಕ್ಕಿ ತಾಗಬೇಕು, ಅರಿಶಿಣ ತಾಗಬೇಕು. ಪ್ಲಾಸ್ಟಿಕ್ ತುಂಬಿಸಿಕೊಂಡು ಬಂದ್ರ ತವರು ತಣ್ಣಗಿರತೈತೇನ್ರಿ?”

ಆಮೇಲೆ ಹೊಳೆವ್ವ ಕಟ್ಟೆಯ ತುದಿಯಲ್ಲಿ ಕೂತು, ಯಾರೂ ಕೇಳದೆಯೇ, ಎಲ್ಲ ಹೇಳಿದಳು. ಮದಗದ ಕೆರೆಯ ನೀರು ಹಾಯುವ ಹೊಲ ಅವಳ ಅಪ್ಪನದು. ಅಪ್ಪ ತೀರಿಕೊಂಡು ಎರಡು ವರ್ಷ. ತಮ್ಮ ಬೀರಪ್ಪ, ತಾನು, ಇಬ್ಬರೇ. ತನ್ನ ಪಾಲಿಗೆ ಒಂದು ಎಕರೆ ಐದು ಗುಂಟೆ ಬರುತ್ತದೆ. ಇವತ್ತು ಎರಡು ಗಂಟೆಗೆ ಸಬ್ ರಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿ ಆ ಪಾಲನ್ನು ತಮ್ಮನಿಗೆ ಬಿಟ್ಟುಕೊಡುವುದು. ಬದಲಿಗೆ ತಮ್ಮ ಈ ಬಿಲ್ಲೆ ಉಡಿಯಲ್ಲಿ ಹಾಕುತ್ತಾನೆ, ನೋಡಲೆಂದು ಮೊದಲೇ ಕೈಗೆ ಕೊಟ್ಟಿದ್ದಾನೆ. ಮೊಬೈಲಿನಲ್ಲಿ ಇದಕ್ಕೆ ಎರಡು ಲಕ್ಷ ನಲವತ್ತು ಸಾವಿರ ಬರೆದಿದ್ದಾರೆ. ಹೊಲಕ್ಕೆ ಅದಕ್ಕಿಂತ ಹೆಚ್ಚು ಬರುತ್ತದೆ, ಅದು ಗೊತ್ತು. ಆದರೆ ತವರಿನ ಜೊತೆ ಕೋರ್ಟು ಮೆಟ್ಟಿಲು ಯಾರು ಹತ್ತಬೇಕು. ಗಂಡ ಮಾಲತೇಶನ ಸೊಂಟ ಬಿದ್ದುಹೋಗಿದೆ. ಇದನ್ನು ಮಾರಿದರೆ ಮನೆಗೆ ತಗಡು ಹಾಕಿಸಿ ಎರಡು ಎಮ್ಮೆ ಕಟ್ಟಬಹುದು. ಮೂವತ್ತು ವರ್ಷ ಕಂಡವರ ಗದ್ದೆಯಲ್ಲಿ ಕಳೆ ತೆಗೆದದ್ದು ಸಾಕು.

“ನೀವ ಖರೇ ಅಂದೀರಂತಲ್ರಿ,” ಎಂದಳು. “ಸವಣೂರ ದಿಲ್ಶಾದಕ್ಕಾರ ಖರೇ ಅಂದಾರ ಅಂತ ತಮ್ಮ ಹೇಳಿದ. ಅಷ್ಟ ಕೇಳಿ ನಾ ಹೂಂ ಅಂದೆ.”

ದಿಲ್ಶಾದ ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಒಡೆಯಬೇಡ, ಒಡೆದರೆ ಅದು ಬರೀ ಹತ್ತು ರೂಪಾಯಿ ಆಗುತ್ತದೆ ಎಂದಳು. ಹೊಳೆವ್ವನಿಗೆ ನಗು ಬಂತು.

“ಹತ್ತರ ಬಿಲ್ಲಿ ಆದ್ರ ಚಾದ ಅಂಗಡ್ಯಾವನೂ ಮುಟ್ಟೂದಿಲ್ಲ ಬಿಡ್ರಿ.”

ಅದು ನಿಜ. ಈ ಕಡೆಯ ಸಂತೆಗಳಲ್ಲಿ ಹತ್ತರ ಬಿಲ್ಲೆ ಕೊಟ್ಟರೆ ಕಾಯಿಪಲ್ಲೆಯವರು ನೋಟು ಕೊಡಿ ಎಂದು ಕೈ ಹಿಂದೆ ತೆಗೆದುಕೊಳ್ಳುತ್ತಾರೆ. ಸರಕಾರದ ಬಿಲ್ಲೆ, ನಡೆಯುತ್ತದೆ ಎಂದರೆ, ನಡೆಯುವ ಕಡೆ ನಡೆಸಿಕೊಳ್ಳಿ ಎನ್ನುತ್ತಾರೆ. ಹೊಳೆವ್ವ ಡಬ್ಬಿಯನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು, ಹಾಗಾದರೆ ಡಬ್ಬಿಯ ಮೇಲೆಯೇ ನಾಲ್ಕು ಕಾಳು ಅಕ್ಕಿ ಹಾಕಿಸಿಕೊಳ್ಳುತ್ತೇನೆ ಎಂದು ಎದ್ದಳು. ಎಷ್ಟು ಬೆಲೆ ಬಾಳುತ್ತದೆ ಎಂದು ಅವಳು ಕೇಳಲಿಲ್ಲ. ಕೇಳಲಿಲ್ಲವಾದ್ದರಿಂದ ದಿಲ್ಶಾದ ಹೇಳಲಿಲ್ಲ. ಹಳದಿ ಸೀರೆ ಸಂತೆಯ ಗದ್ದಲದಲ್ಲಿ ಸ್ವಲ್ಪ ದೂರ ಕಂಡು, ಆಮೇಲೆ ಕಾಣಲಿಲ್ಲ.

ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು, ಅಕ್ಕಿಆಲೂರು. ಹನ್ನೊಂದು ವರ್ಷದಿಂದ ದಿಲ್ಶಾದ ಸಂತೆಯಿಂದ ಸಂತೆಗೆ ಮಡಚುವ ಮೇಜು ಹೊತ್ತು ತಿರುಗುತ್ತಾಳೆ. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ. ಕಂಡಕ್ಟರು ಆಧಾರ ಕಾರ್ಡು ನೋಡಿ ಸೊನ್ನೆ ಟಿಕೆಟು ಹರಿದುಕೊಡುತ್ತಾನೆ. ಮೊಣಕಾಲಿಗೆ ಮಾತ್ರ ರಿಯಾಯಿತಿ ಇಲ್ಲ. ಲಗ್ನವಾಗಲಿಲ್ಲ. ಅಪ್ಪನಿಗೆ ಲಕ್ವಾ ಹೊಡೆದಾಗ ಅಂಗಡಿಯಲ್ಲಿ ಕೂತವಳು ಹಾಗೇ ಕೂತುಬಿಟ್ಟಳು. ತಂಗಿ ಮುಮ್ತಾಜಬೇಗಂಳ ಲಗ್ನ ಮಾಡಿದಳು. ಜನರ ಕೈಗೆ ಮೊಬೈಲು ಬಂದು ಮಣಿಕಟ್ಟು ಬರಿದಾದಾಗ ಗಡಿಯಾರದ ಕೆಲಸ ಸತ್ತಿತು. ಉಳಿದದ್ದು ಕಣ್ಣಿಗೆ ಹಾಕುವ ಭೂತಗನ್ನಡಿ, ಸಣ್ಣದನ್ನು ಬಹಳ ಹೊತ್ತು ನೋಡುವ ಅಭ್ಯಾಸ.

ಹುಬ್ಬಳ್ಳಿಯ ನಾಣ್ಯ ವ್ಯಾಪಾರಿ ಮುಬಶೀರ ಅವಳ ಆ ಅಭ್ಯಾಸ ಕಂಡು ಈ ಕೆಲಸ ಕಲಿಸಿದ. ನಾಣ್ಯವನ್ನು ದೂರದ ಕಂಪನಿಗೆ ಕಳಿಸಿದರೆ ಅವರು ಅದರ ಮೈ ಪರೀಕ್ಷೆ ಮಾಡಿ, ಎಪ್ಪತ್ತಕ್ಕೆ ಇಷ್ಟು ಎಂದು ದರ್ಜೆ ಕೊಟ್ಟು, ಡಬ್ಬಿಯಲ್ಲಿ ಮುಚ್ಚಿ ವಾಪಸು ಕಳಿಸುತ್ತಾರೆ. ಆ ಡಬ್ಬಿ ನೋಡುವುದು ಹೇಗೆ ಎಂದು ತೋರಿಸಿಕೊಟ್ಟ. ಅಂಚಿನಲ್ಲಿ ಬಿಸಿ ಮಾಡಿ ಮತ್ತೆ ಅಂಟಿಸಿದ ಗುರುತು ಇದೆಯೇ. ಚೀಟಿಯ ನಂಬರು ಕಂಪನಿಯ ಪುಟದಲ್ಲಿ ಇದೆಯೇ. ಅಲ್ಲಿನ ಚಿತ್ರದ ಗೀರು, ಇಲ್ಲಿನ ಗೀರು ಒಂದೇಯೇ. ಇಷ್ಟನ್ನು ಕಲಿಯಲು ಆರು ತಿಂಗಳು ಸಾಕಾಯಿತು.

ಬೆಲೆ ಕಲಿಯಲು ವರ್ಷಗಳೇ ಹಿಡಿದವು. ದರ್ಜೆಯೇ ಬೆಲೆ ಎಂದು ಜನ ತಿಳಿಯುತ್ತಾರೆ. ಹಳೆಯ ನಾಣ್ಯಕ್ಕೆ ಬೆಲೆ ತಂದದ್ದು ಕಳೆದುಹೋದ ಅದರ ಒಡಹುಟ್ಟಿದವು. ಕರಗಿಸಿದವು, ಬಾವಿಗೆ ಬಿದ್ದವು, ಕೈಯಿಂದ ಕೈಗೆ ಸವೆದು ಮುಖ ಅಳಿಸಿಕೊಂಡವು. ಹೊಸ ನಾಣ್ಯದ ಒಡಹುಟ್ಟಿದವೆಲ್ಲ ಬದುಕಿವೆ. ಕೋಟಿಗಟ್ಟಲೆ ಅಚ್ಚಾಗಿ, ಚೀಲಗಟ್ಟಲೆ ಯಾರದೋ ಕಪಾಟಿನಲ್ಲಿ ಹೊಳೆಯುತ್ತ ಕೂತಿವೆ. ಇವತ್ತು ಒಂದಕ್ಕೆ ಬೆಲೆ ಬಂತು ಎಂದರೆ ನಾಳೆ ನೂರು ಡಬ್ಬಿಗಳು ಸಂತೆಗೆ ಬರುತ್ತವೆ. ಆದ್ದರಿಂದ ನೋಡಬೇಕಾದ್ದು ಈ ದರ್ಜೆಯಲ್ಲಿ ಇನ್ನೆಷ್ಟಿವೆ, ಇದಕ್ಕಿಂತ ಮೇಲಿನವು ಎಷ್ಟಿವೆ, ಕಳೆದ ಸಲ ಒಬ್ಬ ಮನುಷ್ಯ ಕಿಸೆಯಿಂದ ತೆಗೆದು ಕೊಟ್ಟದ್ದು ಎಷ್ಟು ಎಂಬುದನ್ನು. ಮಾರುವವನು ಮೊಬೈಲಿನಲ್ಲಿ ಬರೆದುಕೊಂಡದ್ದು ಬೆಲೆಯಲ್ಲ, ಅವನ ಆಸೆ.

ಅವಳ ಹತ್ತಿರ ಮೂರು ಪ್ರಶ್ನೆಗೆ ಉತ್ತರವಿತ್ತು. ಬಿಲ್ಲೆ ಖರೇಯೋ. ಡಬ್ಬಿ ಖರೇಯೋ. ಎಷ್ಟು ಬಾಳುತ್ತದೆ. ಮೊದಲು ಮೂರನ್ನೂ ಒಟ್ಟಿಗೆ ಹೇಳುತ್ತಿದ್ದಳು. ಮನೆಯ ಪಕ್ಕದ ಗುಲ್ನಾಜಳ ಮಗಳ ಲಗ್ನದಲ್ಲಿ ಅಳಿಯ ಹುಡುಗಿಗೆ ಇಂಥದೇ ಡಬ್ಬಿಯೊಂದನ್ನು ಕಾಣಿಕೆ ಕೊಟ್ಟ. ಐವತ್ತು ಸಾವಿರದ್ದು ಎಂದು ಅದನ್ನಿಟ್ಟ ತಟ್ಟೆ ಮನೆಯೆಲ್ಲ ಸುತ್ತಿತು. ತನ್ನ ಮುಂದೆ ಬಂದಾಗ ದಿಲ್ಶಾದ, ಕೇಳದಿದ್ದರೂ, ಹದಿನೈದು ನೂರು ಎಂದಳು. ಬಿರಿಯಾನಿ ಬಡಿಸುವ ಹೊತ್ತಿಗೆ ಎರಡು ಮನೆಯವರು ಎರಡು ಕೋಣೆಯಲ್ಲಿ ಕೂತಿದ್ದರು. ಆರು ವರ್ಷವಾಯಿತು, ಗುಲ್ನಾಜ ನಲ್ಲಿಯ ಹತ್ತಿರ ಎದುರಾದರೂ ಸಲಾಂ ಹೇಳುವುದಿಲ್ಲ. ಮುಮ್ತಾಜ ಹೇಳುವುದು ಒಂದೇ: ಅಕ್ಕ, ಜನ ನಿನ್ನ ಹತ್ತಿರ ಬರುವುದು ಹೌದು ಅನಿಸಿಕೊಳ್ಳಲು, ನಿನಗೆ ಅಷ್ಟೂ ತಿಳಿಯುವುದಿಲ್ಲ. ಅಂದಿನಿಂದ ಮೂರನೆಯದನ್ನು ಕೇಳಿದರೆ ಮಾತ್ರ ಹೇಳುತ್ತಾಳೆ. ಹೆಚ್ಚಿನವರು ಕೇಳುವುದಿಲ್ಲ. ಕೇಳದಿರುವಷ್ಟು ಜಾಣರು ಎಲ್ಲ ಊರಿನಲ್ಲೂ ಇದ್ದಾರೆ.

ಅಕ್ಕಿಆಲೂರಿನಲ್ಲಿ ಬೀರಪ್ಪ ಬಂದದ್ದು ಸಂತೆ ಮುರಿಯುವ ಹೊತ್ತಿಗೆ. ಅಕ್ಕಿ ಗಿರಣಿಯ ತೌಡಿನ ಧೂಳು ಗಾಜಿನ ಮೇಲೆ ಕೂತಿತ್ತು. ಬಸ್ಸು ಹೊರಡಲು ಹತ್ತು ನಿಮಿಷ. ಅವಳಿಗೆ ಆ ದಿನ ಅದು ನಲವತ್ತನೆಯ ನಾಣ್ಯ. ಬೀರಪ್ಪ ಡಬ್ಬಿ ಇಟ್ಟು ಕೇಳಿದ್ದು ಒಂದೇ ಮಾತು: “ಇದು ಖರೇ ಐತೇನ್ರಿ ಅಕ್ಕಾರ?” ಅಂಚು ನೋಡಿದಳು, ಚೀಟಿ ನೋಡಿದಳು, ಗೀರು ನೋಡಿದಳು. “ಖರೇ ಐತಿ” ಎಂದು ಐವತ್ತು ರೂಪಾಯಿ ತೆಗೆದುಕೊಂಡು ಮೇಜು ಮಡಚಿದಳು. ಅವಳ ಖರೇ ಎಂದರೆ ಬಿಲ್ಲೆ ನಕಲಿಯಲ್ಲ ಎಂದಷ್ಟೇ. ಅವನ ಖರೇ ಎಷ್ಟು ದೊಡ್ಡದು ಎಂದು ನೋಡಲು ಅವಳಲ್ಲಿ ಆಗ ಶಕ್ತಿ ಇರಲಿಲ್ಲ.

ಈಗ ಗಂಟೆ ಒಂದೂವರೆ. ದಿಲ್ಶಾದ ಮುಬಶೀರನಿಗೆ ಫೋನು ಹಚ್ಚಿದಳು. ಅವನು ಕಂಪನಿಯ ಪುಟ ತೆರೆದು ಓದಿದ: ಇದೇ ಬಿಲ್ಲೆ, ಅರವತ್ತೇಳರಲ್ಲಿ ಎರಡು ಸಾವಿರದ ನೂರು ಚಿಲ್ಲರೆ. ಅದಕ್ಕಿಂತ ಮೇಲಿನವೇ ಆರುನೂರು. ಕೊನೆಯ ಮೂರು ಮಾರಾಟ ಸಾವಿರದ ನೂರು, ಒಂಬೈನೂರ ಐವತ್ತು, ಒಂಬೈನೂರು. ಕೆಳಗಿಳಿಯುತ್ತಿದೆ ಎಂದ. ಎರಡು ಲಕ್ಷ ನಲವತ್ತಕ್ಕೆ ಇಟ್ಟದ್ದು ಇನ್ನೂ ಹಾಗೇ ಇದೆ, ಎರಡು ವರ್ಷದಿಂದ, ಕೊಂಡವರಿಲ್ಲ.

“ಯಾರರೆ ತಗೊಂಡ್ರೇನು?” ಎಂದು ಕೇಳಿದ.

“ತಗೊಳ್ಳಾಕತ್ತಾರ,” ಎಂದು ಫೋನು ಇಟ್ಟಳು.

ಒಂದು ಎಕರೆ ಐದು ಗುಂಟೆ, ನೀರು ಹಾಯುವ ನೆಲ, ಒಂಬೈನೂರು ರೂಪಾಯಿಗೆ. ಕಾಗದದ ಮೇಲೆ ಹೆಬ್ಬೆಟ್ಟು ಬಿದ್ದರೆ ಮುಗಿಯಿತು. ಮೇಜಿನ ಮುಂದೆ ಇನ್ನೂ ಇಬ್ಬರು ಡಬ್ಬಿ ಹಿಡಿದು ನಿಂತಿದ್ದರು. ಅವರಿಗೆ ಮುಂದಿನ ಸಂತೆಗೆ ಬನ್ನಿ ಎಂದಳು. ಮೇಜನ್ನು ಪಕ್ಕದ ಬಳೆ ಅಂಗಡಿಯ ಭಾಗ್ಯಶ್ರೀಯ ಹತ್ತಿರ ಇಟ್ಟು ಬಿಸಿಲಿಗಿಳಿದಳು. ಕರೆಯದೆ ಯಾರ ವ್ಯವಹಾರಕ್ಕೂ ಹೋದವಳಲ್ಲ. ಕಾಲುಗಳು ಅದನ್ನು ನೆನಪಿಸುತ್ತಲೇ ನಡೆದವು. ಗೋವಿನಜೋಳ ತುಂಬಿದ ಟ್ರ್ಯಾಕ್ಟರುಗಳು ಎಪಿಎಂಸಿಯ ಕಡೆ ಸಾಲಾಗಿ ಹೊರಟಿದ್ದವು. ಒಂದೊಂದನ್ನೂ ದಾಟಿಹೋಗಲು ಬಿಟ್ಟು, ರಸ್ತೆಯ ಅಂಚು ಹಿಡಿದು ಹೋದಳು.

ಆಫೀಸಿನ ಮುಂದಿನ ಬೇವಿನ ಗಿಡದ ಕೆಳಗೆ ಬೀರಪ್ಪ ಸಿಕ್ಕ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಒಂದು ಚೀಲ. ಚೀಲದಲ್ಲಿ ತೆಂಗಿನಕಾಯಿ, ಕುಬಸದ ಕಣ, ಅಕ್ಕಿ. ಅಕ್ಕನ ಉಡಿ ತುಂಬಲು ಎಲ್ಲ ಮರೆಯದೆ ತಂದಿದ್ದ. ಅವಳನ್ನು ಕಂಡು ಮುಖ ಅರಳಿತು. ಬರ್ರಿ ಅಕ್ಕಾರ, ಚಾ ಕುಡಿಯೋಣ ಎಂದ. ಹೊಳೆವ್ವ ಒಳಗೆ ಬೆಂಚಿನ ಮೇಲೆ ಕೂತಿದ್ದಾಳೆ, ಇನ್ನೆರಡು ಹೆಸರು ಕರೆದರೆ ಆಮೇಲೆ ತಮ್ಮದೇ ಎಂದ.

ದಿಲ್ಶಾದ ನಿಂತಲ್ಲೇ ಹೇಳಿದಳು. ಸುತ್ತಿ ಬಳಸುವ ಕಸುವಿರಲಿಲ್ಲ. ಒಂಬೈನೂರು ರೂಪಾಯಿ.

ಬೀರಪ್ಪ ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ.

“ಅರವತ್ತೇಳು ಅಂದ್ರ ಫಸ್ಟ್ ಕ್ಲಾಸ್ ಅಲ್ರಿ?” ಎಂದ. ನೂರಕ್ಕೆ ಅರವತ್ತೇಳು ಎಂದು ತಿಳಿದಿದ್ದ, ಹತ್ತನೆಯ ತರಗತಿಯ ಅಂಕಪಟ್ಟಿಯ ಹಾಗೆ.

“ನೂರಕ್ಕಲ್ಲ, ಎಪ್ಪತ್ತಕ್ಕ. ಫಸ್ಟ್ ಕ್ಲಾಸ್‌ಗಿಂತ ಮ್ಯಾಲ ಐತಿ ಬೀರಪ್ಪ. ಆದ್ರ ಸಾಲಿ ತುಂಬ ಎಲ್ಲಾರೂ ಹಂಗ ಪಾಸಾಗ್ಯಾರ.”

ಮೊಬೈಲು ತೆಗೆದು ಎರಡು ಲಕ್ಷ ನಲವತ್ತು ಸಾವಿರ ತೋರಿಸಿದ. ಎಪಿಎಂಸಿಯಲ್ಲಿ ನಿನ್ನ ಜೋಳದ ರಾಶಿಯ ಮೇಲೆ ಕ್ವಿಂಟಲಿಗೆ ಹತ್ತು ಸಾವಿರ ಎಂದು ನೀನೇ ಚೀಟಿ ಚುಚ್ಚಿಟ್ಟರೆ ಅಷ್ಟಕ್ಕೆ ಹೋಗುತ್ತದೆಯೇ ಎಂದು ಅವಳು ಕೇಳಿದಳು. ಅದು ಅವನಿಗೆ ತಕ್ಷಣ ತಿಳಿಯಿತು. ತಿಳಿದದ್ದು ಕಣ್ಣಿನಲ್ಲಿ ಕಂಡಿತು. ಅವನು ಗಿಡದ ಬೊಡ್ಡೆಗೆ ಕೈ ಹಚ್ಚಿ ನಿಧಾನ ಕೂತ. ಚೀಲದೊಳಗಿನ ಕಾಯಿ ನೆಲಕ್ಕೆ ತಾಗಿ ಉರುಳಿತು, ಅದನ್ನು ಹಿಡಿಯಲಿಲ್ಲ.

“ನಾ ಅದಕ್ಕ ತೊಂಬತ್ತು ಸಾವಿರ ಕೊಟ್ಟೇನ್ರಿ,” ಎಂದ. “ನೀವು ಖರೇ ಅಂದ ಮ್ಯಾಲೆ ಕೊಟ್ಟೆ. ಅವತ್ತ ಇನ್ನೂ ಕೊಟ್ಟಿದ್ದಿಲ್ಲ. ಮಾರಾಂವ ಅಲ್ಲೇ ಚಾದ ಅಂಗಡ್ಯಾಗ ಕುಂತಿದ್ದ. ನಿಮ್ಮ ಮಾತು ಕೇಳಿ ಹೋಗಿ ರೊಕ್ಕ ಎಣಿಸಿದೆ.”

ದಿಲ್ಶಾದ ಇದನ್ನು ಅಂದುಕೊಂಡಿರಲಿಲ್ಲ. ಅಣ್ಣತಮ್ಮಂದಿರು ಮಾಡುವ ಮೋಸ ಎಂದು ತಿಳಿದೇ ಸಿಟ್ಟು ಕೂಡಿಸಿಕೊಂಡು ಬಂದಿದ್ದಳು. ಆ ಸಿಟ್ಟಿಗೆ ಈಗ ಇಳಿಯಲು ಜಾಗವಿಲ್ಲದಾಯಿತು. ಐವತ್ತು ರೂಪಾಯಿ ತೆಗೆದುಕೊಂಡು, ಬಸ್ಸಿಗೆ ಹೊತ್ತಾಯಿತೆಂದು, ಒಂದೇ ಮಾತು ಆಡಿದ್ದಳು. ಇನ್ನೊಂದು ಮಾತು ಆಡಿದ್ದರೆ ಈ ಮನುಷ್ಯ ಇಲ್ಲಿ ಹೀಗೆ ನೆಲದ ಮೇಲೆ ಕೂರುತ್ತಿರಲಿಲ್ಲ.

ತಪ್ಪು ತನ್ನದೂ ಇದೆ ಎಂದಳು. ಅವನು ತಲೆಯೆತ್ತಲಿಲ್ಲ. ಮಾರಿದವನು ದಾವಣಗೆರೆ ಕಡೆಯವನು, ಈಗ ಫೋನು ಎತ್ತುತ್ತಿಲ್ಲ, ಅಕ್ಕನಿಗೆ ಕೊಡಲೆಂದೇ ಎರಡು ಹೋರಿ ಮಾರಿ ಕೊಂಡೆ ಎಂದ. ತೊಂಬತ್ತನ್ನು ನೇರ ಅಕ್ಕನ ಕೈಗೆ ಕೊಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ಅವಳು ಕೇಳಿದಾಗ, ತೊಂಬತ್ತು ಕೊಟ್ಟರೆ ಹೊಲದ ಮುಂದೆ ಕಡಿಮೆ ಕಾಣುತ್ತಿತ್ತು, ಇದು ಎರಡು ಲಕ್ಷದ ಮೇಲೆ ಕಾಣುತ್ತಿತ್ತು ಎಂದ. ಅಷ್ಟು ಹೇಳಿ, ತಾನು ಹೇಳಿದ್ದು ತನಗೇ ಕೇಳಿಸಿದಂತೆ, ಉರುಳಿದ ಕಾಯಿಯನ್ನು ಎತ್ತಿ ಚೀಲಕ್ಕೆ ಹಾಕಿದ.

ಒಳಗೆ ಯಾರದೋ ಹೆಸರು ಕರೆದರು. ಹೊಳೆವ್ವನದಲ್ಲ. ಕಿಟಕಿಯ ಸರಳಿನ ಆಚೆ ಬೆಂಚಿನ ಮೇಲೆ ಅವಳು ಕಂಡಳು. ಮಡಿಲಿನಲ್ಲಿ ಸೆರಗಿನ ಗಂಟು, ಗಂಟಿನ ಮೇಲೆ ಎರಡೂ ಕೈ. ಪಕ್ಕದ ಹೆಂಗಸಿಗೆ ಏನೋ ಹೇಳಿ ನಗುತ್ತಿದ್ದಳು. ಎಮ್ಮೆಯ ಮಾತಿರಬಹುದು.

ಬೀರಪ್ಪನೂ ಆ ಕಡೆ ನೋಡಿದ. ಆಮೇಲೆ ಮೆಲ್ಲಗೆ, ಜಗಳದ ದನಿಯಲ್ಲದ ದನಿಯಲ್ಲಿ, ಹೇಳಿದ.

“ಅಕ್ಕಾರ, ಹೇಳಬ್ಯಾಡ್ರಿ. ಅಕಿಗೆ ಅದನ್ನ ಮಾರಾಕ ಬಿಡೂದಿಲ್ಲ ನಾ. ಇನ್ನೂ ಏರತೈತಿ, ಇಟ್ಟಕೋ ಅಂತೇನಿ. ಟ್ರಂಕಿನ್ಯಾಗ ಇಟ್ಟಕೊಂಡು, ತವರವರು ಎರಡು ಲಕ್ಷದ್ದು ಕೊಟ್ಟಾರ ಅಂತ ಸಾಯೂತನ ಹೆಮ್ಮಿಲೆ ಇರ್ತಾಳ. ಮಾರಲಿಲ್ಲ ಅಂದ್ರ ಬೆಲಿ ಯಾರಿಗ್ರಿ ಗೊತ್ತು?”

ಅವನ ಮಾತಿನಲ್ಲಿ ಸುಳ್ಳಿಲ್ಲ ಎಂಬುದೇ ದಿಲ್ಶಾದಳನ್ನು ದಣಿಸಿತು. ಎಷ್ಟು ಮನೆಗಳ ಟ್ರಂಕುಗಳಲ್ಲಿ ಎಷ್ಟು ಡಬ್ಬಿಗಳು ಹೀಗೆ ಲಕ್ಷ ಲಕ್ಷ ಬಾಳುತ್ತ ಮಲಗಿವೆ, ಅವಳಿಗೆ ಗೊತ್ತು. ಅವುಗಳ ಮೇಲೆ ಜನ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಆದರೆ ಹೊಳೆವ್ವ ತಗಡು ಹಾಕಿಸಬೇಕು ಎಂದಿದ್ದಳು. ಟ್ರಂಕಿನಲ್ಲಿ ಇಟ್ಟ ಹೆಮ್ಮೆಯ ಮೇಲೆ ಮಳೆ ಸೋರುತ್ತದೆ. ನಾಳೆ ಬೆಳಗಾದರೆ ಅದೇ ಕೆರೆಯ ಕೆಳಗೆ, ನಿನ್ನೆಯವರೆಗೂ ತನ್ನದಾಗಿದ್ದ ನೆಲದಲ್ಲೇ, ಕೂಲಿಗೆ ಬಗ್ಗಬೇಕಾಗುತ್ತದೆ.

ಬೀರಪ್ಪ ಎದ್ದು ಅವಳ ಎದುರು ನಿಂತ. ಧೋತರಕ್ಕೆ ಹತ್ತಿದ ಮಣ್ಣು ಝಾಡಿಸಲಿಲ್ಲ.

“ಒಂಬೈನೂರು ಅನ್ನಬ್ಯಾಡ್ರಿ. ನಲವತ್ತು ಸಾವಿರ ಅನ್ರಿ. ಉಳದಿದ್ದು ಸುಗ್ಗಿಗೆ ನಾನ ಕೊಡ್ತೇನಿ ಅಕಿಗೆ. ನಿಮ್ಮ ಮಾತಿಗೆ ತೂಕ ಐತ್ರಿ, ನೀವ ಅಂದ್ರ ನಲವತ್ತು ಆಕೈತಿ.”

“ನಾ ಅಂದ್ರ ಆಗೂದಿಲ್ಲ ತಮ್ಮಾ. ನಾ ಅಂದಿದ್ದಕ್ಕ ನಿನಗ ಇಷ್ಟೆಲ್ಲಾ ಆತು.”

“ಹಂಗಾರ ಇಪ್ಪತ್ತು ಅನ್ರಿ.”

ಬಾಗಿಲಲ್ಲಿ ಸಿಪಾಯಿ ಬಂದು ನಿಂತು ಕೈಯಲ್ಲಿನ ಕಾಗದ ನೋಡಿದ. “ಹೊಳೆವ್ವ ಕೋಂ ಮಾಲತೇಶ, ಮಾಸೂರು,” ಎಂದು ಕೂಗಿದ. ಕಿಟಕಿಯ ಆಚೆ ಹಳದಿ ಸೀರೆ ಎದ್ದು ನಿಂತಿತು.

“ನನ್ನ ಹೋರಿ ಹೋದುವು, ರೊಕ್ಕ ಹೋತು,” ಎನ್ನುತ್ತಿದ್ದ ಬೀರಪ್ಪ, “ಈಗ ಅಕ್ಕನ ಮುಂದ ಮಾನಾನೂ ಹೋತಂದ್ರ ನಾ ಹೆಂಗರೆ ಆ ಊರಾಗ, ಅಕ್ಕಾರ, ಒಂದು ಮಾತು ಕೇಳ್ರಿ, ಹತ್ತು ಸಾವಿರ ಅಂದ್ರೂ ನಾ...”

ದಿಲ್ಶಾದ ಅವನ ಮಾತು ಮುಗಿಯುವುದರೊಳಗೆ ತಿರುಗಿ, ಮೊಣಕಾಲ ಮೇಲೆ ಕೈಯೂರಿ, ಆಫೀಸಿನ ಮೆಟ್ಟಿಲು ಹತ್ತತೊಡಗಿದಳು.